ನಾಲ್ಕು ಅಡ್ಡ ಚೆಂಡು

ವೇಕ್ರಾಸ್, ಜಾರ್ಜಿಯಾ
ಜೂನ್ 23, 1957

ಪ್ರೀತಿಯ ಅಕ್ಕ,

ಬಂದು ಮುಟ್ಟಿದ್ದೇನೆ. ಇಲ್ಲಿನ ಸೊಳ್ಳೆಗಳು ನಮ್ಮೂರಿನವಕ್ಕಿಂತ ದೊಡ್ಡವು, ನಾಚಿಕೆಯೂ ಕಡಿಮೆ. ಬೇಸ್‌ಬಾಲ್ ತಂಡದ ಇನ್ನಿಬ್ಬರ ಜೊತೆ ಒಬ್ಬ ವಿಧವೆಯ ಮನೆಯ ಮಹಡಿಯಲ್ಲಿದ್ದೇನೆ. ಬೆಳಿಗ್ಗೆ ಜೋಳದ ಗಂಜಿ, ಉಳಿದರೆ ರಾತ್ರಿಗೂ ಅದೇ.

ನಿನ್ನೆ ಮೊದಲ ಸಲ ಎಸೆದೆ. ನೀನು ಕೇಳುವ ಮೊದಲೇ ಹೇಳಿಬಿಡುತ್ತೇನೆ, ಸೋತೆವು. ನಾಲ್ಕು ಚೆಂಡು ಅಡ್ಡ ಹೋದರೆ ಬ್ಯಾಟುಗಾರ ಹೊಡೆಯದೆಯೇ ಮೊದಲನೇ ಬೇಸಿಗೆ ಪುಕ್ಕಟೆ ನಡೆದು ಹೋಗುತ್ತಾನಲ್ಲ, ಹಾಗೆ ನಾನು ಒಂದು ಮೆರವಣಿಗೆಯನ್ನೇ ಹೊರಡಿಸಿದೆ. ಒಂದು ಚೆಂಡಂತೂ ಬ್ಯಾಟುಗಾರನ ಹಿಂದೆ ಹಿಡಿಯಲು ಕೂತ ಕ್ಯಾಚರನ ತಲೆಯ ಮೇಲೆ ಹಾರಿ, ಹಿಂದಿನ ಬಲೆಯ ತೂತಿನಲ್ಲಿ ತೂರಿ, ಕಡಲೆಕಾಯಿ ಮಾರುವವನ ಬುಟ್ಟಿಗೆ ಬಿತ್ತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆಟ ಮುಗಿದ ಮೇಲೆ ಮ್ಯಾನೇಜರ್ ಪಕ್ಕದಲ್ಲಿ ಕೂತು ತಂಬಾಕು ಉಗುಳಿ, "ನೋಡಪ್ಪಾ, ದೇವ್ರು ನಿನ್ ಕೈಗೆ ವೇಗ ಕೊಟ್ಟಿದಾನೆ. ವಿಳಾಸ ಕೊಡೋದು ಮರ್ತಿದಾನೆ" ಎಂದ.

ಶಾಲೆಯಲ್ಲಿ ಇದು ಗೊತ್ತಾಗಲೇ ಇಲ್ಲ, ಏಕೆಂದರೆ ಅಲ್ಲಿ ನನ್ನ ಕ್ಯಾಚರ್ ಗ್ರೇಡಿ. ನಾನು ಎಲ್ಲಿಗೆ ಎಸೆದರೂ ಅವನು ಹಾರಿ, ಬಿದ್ದು, ಮಣ್ಣು ತಿಂದು ಹಿಡಿಯುತ್ತಿದ್ದ. ದೊಡ್ಡ ತಂಡದವರ ಕಡೆಯಿಂದ ಆ ಟೋಪಿಯ ಮನುಷ್ಯ ನಮ್ಮ ಆಟ ನೋಡಲು ಬಂದ ದಿನ ಗ್ರೇಡಿಯ ಅಂಗೈ ಬನ್ನಿನ ಹಾಗೆ ಊದಿತ್ತು. ಆತ ನನ್ನ ಹೆಸರು ಕೇಳಿದ, ಎತ್ತರ ಕೇಳಿದ, ಕೈಗೆ ಕಾಗದ ಕೊಟ್ಟು ಸಹಿ ಹಾಕಿಸಿಕೊಂಡ. ಗ್ರೇಡಿಯ ಹೆಸರು ಕೇಳಲಿಲ್ಲ. ಗ್ರೇಡಿ ನಿನ್ನ ಹತ್ತಿರ ಏನಾದರೂ ಅಂದನಾ? ಅವನಿಗೊಂದು ಕಾರ್ಡು ಹಾಕಿದ್ದೆ, ಉತ್ತರವಿಲ್ಲ.

ಮೂರು ವರ್ಷ, ಹೆಚ್ಚೆಂದರೆ ನಾಲ್ಕು. ಆಮೇಲೆ ದೊಡ್ಡ ಲೀಗಿನಲ್ಲಿ ಎಸೆಯುತ್ತೇನೆ. ನೀನು ರೇಡಿಯೋದಲ್ಲಿ ಕೇಳುತ್ತೀಯ.

ನಿನ್ನ ತಮ್ಮ,
ವರ್ಲಿನ್


ಕಾರ್ಡೆಲ್, ಮಿಸೌರಿ
ಜುಲೈ 9, 1957

ವರ್ಲಿನ್,

ಕಡಲೆಕಾಯಿ ಬುಟ್ಟಿಯ ಕಥೆಯನ್ನು ಬೂಟಿನ ಕಾರ್ಖಾನೆಯಲ್ಲಿ ಗಟ್ಟಿಯಾಗಿ ಓದಿದೆ. ನಮ್ಮ ಹೊಲಿಗೆ ಸಾಲಿನ ಹೆಂಗಸರು ನಕ್ಕೂ ನಕ್ಕೂ ಒಂದು ಬೂಟಿಗೆ ಎರಡು ನಾಲಗೆ ಹೊಲಿದುಬಿಟ್ಟರು.

ಗ್ರೇಡಿಯೂ ಈಗ ಇಲ್ಲೇ ಕೆಲಸಕ್ಕೆ ಸೇರಿದ್ದಾನೆ, ಅಟ್ಟೆ ಕತ್ತರಿಸುವ ಯಂತ್ರದಲ್ಲಿ. "ಉತ್ತರ ಬರಿಯಲ್ವೇನೋ ಅವ್ನಿಗೆ?" ಎಂದು ಕೇಳಿದೆ. "ಏನ್ ಬರೀಲಿ? ನೀನಲ್ಲಿ ಎಸೀತಿದೀಯ, ನಾನಿಲ್ಲಿ ಅಟ್ಟೆ ಕತ್ತರಿಸ್ತಿದೀನಿ ಅಂತಾನಾ?" ಎಂದ. ಕೋಪದಿಂದಲ್ಲ. ಅವನು ಯಾವುದನ್ನೂ ಕೋಪದಿಂದ ಹೇಳುವುದಿಲ್ಲ, ಅದೇ ಅವನ ಜೊತೆ ಕಷ್ಟ. ಭಾನುವಾರ ನಮ್ಮ ಮನೆಯ ಮುಂದಿನ ಮೆಟ್ಟಿಲು ರಿಪೇರಿ ಮಾಡುತ್ತೇನೆಂದು ಬಂದಿದ್ದ. ಮೆಟ್ಟಿಲು ಚೆನ್ನಾಗಿಯೇ ಇತ್ತು.

ಅಮ್ಮ ಹೋದ ಮೇಲೆ ನೀನು ಒಡೆದ ಕಿಟಕಿಗಳಿಗೆಲ್ಲ ಮನೆಮನೆಗೆ ಹೋಗಿ ಕ್ಷಮೆ ಕೇಳಿದವಳು ನಾನು. ಆ ಅಧಿಕಾರದಿಂದ ಹೇಳುತ್ತಿದ್ದೇನೆ, ಮೊದಲು ನೇರವಾಗಿ ಎಸಿ, ಆಮೇಲೆ ಜೋರಾಗಿ ಎಸಿ. ಊಟ ಬಿಡಬೇಡ.

ನಿನ್ನ ಅಕ್ಕ,
ಓಲೀಟಾ


ತಂಡದ ಶಿಬಿರ, ಫ್ಲೋರಿಡಾ
ಏಪ್ರಿಲ್ 6, 1960

ಪ್ರೀತಿಯ ಅಕ್ಕ,

ಈ ವಸಂತದಲ್ಲೂ ಶಿಬಿರ ಮುಗಿಯುವ ದಿನ ನನ್ನನ್ನು ಕೋಣೆಗೆ ಕರೆದು ಕುರ್ಚಿ ತೋರಿಸಿದರು. ನಿಂತೇ ಮಾತಾಡಿಸಿದರೆ ಮೇಲಿನ ಲೀಗು, ಕುರ್ಚಿ ತೋರಿಸಿದರೆ ಕೆಳಗಿನದು ಎಂದು ಇಲ್ಲಿ ಎಲ್ಲರಿಗೂ ಗೊತ್ತು. ನಾನು ಕೂರಲಿಲ್ಲ. ಆದರೂ ಹೇಳಿದರು: "ಮುಂದಿನ್ ವರ್ಷ ನೋಡೋಣ ವರ್ಲಿನ್, ನೀನಿನ್ನೂ ಹುಡ್ಗ." ಹೋದ ವರ್ಷವೂ ಹುಡುಗ, ಅದರ ಹಿಂದಿನ ವರ್ಷವೂ ಹುಡುಗ. ನನಗಿಂತ ಚಿಕ್ಕವರು ಕೆಲವರು ಮೇಲೆ ಹೋಗಿದ್ದಾರೆ. ಅವರು ಯಾವಾಗ ಗಂಡಸರಾದರೋ ಕಾಣೆ.

ಮೊಣಕೈ ನೋಯುತ್ತಿದೆ. ಇಲ್ಲಿ ಯಾರಿಗೂ ಹೇಳಿಲ್ಲ. ನನ್ನ ಹಾಗೆ ಚೆಂಡು ಎಸೆಯುವ ಹಳೆಯ ಪಿಚರ್ ಒಬ್ಬ ನನಗೆ ನಿಧಾನದ ಚೆಂಡು ಕಲಿಸುತ್ತಿದ್ದಾನೆ. ಬೆರಳ ತುದಿಯಲ್ಲಿ ಹಿಡಿದು, ತಿರುಗದ ಹಾಗೆ ತಳ್ಳಿಬಿಡಬೇಕು. ಅದು ಗಾಳಿಯಲ್ಲಿ ಕುಡುಕನ ಹಾಗೆ ತೂರಾಡಿಕೊಂಡು ಹೋಗುತ್ತದೆ. ಎಲ್ಲಿಗೆಂದು ಬ್ಯಾಟುಗಾರನಿಗೆ ತಿಳಿಯುವುದಿಲ್ಲ, ಕ್ಯಾಚರನಿಗೆ ತಿಳಿಯುವುದಿಲ್ಲ, ಸದ್ಯಕ್ಕೆ ನನಗೂ ತಿಳಿಯುವುದಿಲ್ಲ.

ಗ್ರೇಡಿ ನಿನ್ನನ್ನು ಮದುವೆಗೆ ಕೇಳಿದನೆಂದು ಓದಿ ಮಂಚದ ಮೇಲೆ ಕುಣಿದೆ, ಕೆಳಗಿನವರು ಪೊರಕೆಯಿಂದ ಸೂರು ಬಡಿದರು. ಅಪ್ಪ ನದಿಯ ದೋಣಿ ಹತ್ತಿದವನು ಮತ್ತೆ ಬರಲಿಲ್ಲ. ಹಾಗಾಗಿ ಚರ್ಚಿನಲ್ಲಿ ನಿನ್ನ ಕೈ ಹಿಡಿದು ನಡೆಸಿಕೊಂಡು ಹೋಗಿ ಅವನಿಗೆ ಒಪ್ಪಿಸುವವನು ನಾನೇ. ನಾನು ಬರುವ ತನಕ ಮದುವೆ ಇಲ್ಲ, ಮಾತು ಕೊಡು.

ನಿನ್ನ ತಮ್ಮ,
ವರ್ಲಿನ್


ಕಾರ್ಡೆಲ್
ಆಗಸ್ಟ್ 20, 1961

ವರ್ಲಿನ್,

ಮಾತು ಕೊಟ್ಟ ತಪ್ಪಿಗೆ ಅನುಭವಿಸುತ್ತಿದ್ದೇನೆ. ಹೋದ ಚಳಿಗಾಲಕ್ಕೆ ಇಟ್ಟಿದ್ದ ದಿನ, ನೀನು ಕೈ ಸರಿಮಾಡಿಕೊಳ್ಳಲು ಪೋರ್ಟೊರಿಕೊದ ಲೀಗಿಗೆ ಹೋದೆಯೆಂದು ತಪ್ಪಿತು. ಜೂನಿನದು, ನಿಮ್ಮ ತಂಡದ ಬಸ್ಸು ಎಲ್ಲಿದೆಯೆಂದೇ ತಿಳಿಯದೆ ತಪ್ಪಿತು. ಪಾದ್ರಿಗಳು ಈಗ ನನ್ನನ್ನು ದಾರಿಯಲ್ಲಿ ಕಂಡರೆ, "ಏನಮ್ಮಾ ಓಲೀಟಾ, ಈ ಸಲ ಮದ್ವೇನಾ, ಇಲ್ಲಾ ಮಳೆ ಬಂತೂಂತ ಆಟ ಮುಂದಕ್ಕಾ?" ಎಂದು ಕೇಳುತ್ತಾರೆ.

ಗ್ರೇಡಿ ಮಾತ್ರ "ಇರ್ಲಿ ಬಿಡು, ಅವ್ನು ಬಂದ್ಮೇಲೇ ಆಗ್ಲಿ" ಅನ್ನುತ್ತಾನೆ. ಅವನು ಹಾಗೆಂದಾಗಲೆಲ್ಲ ನನಗೆ ನಿಮ್ಮಿಬ್ಬರ ಮೇಲೂ ಮೈಯುರಿಯುತ್ತದೆ.

ಸೆಪ್ಟೆಂಬರ್ ಹದಿನಾರು, ಶನಿವಾರ. ಅಷ್ಟರಲ್ಲಿ ನಿಮ್ಮ ಲೀಗು ಮುಗಿದಿರುತ್ತದೆ, ಗ್ರೇಡಿ ವಿಚಾರಿಸಿದ್ದಾನೆ. ನೀಲಿ ಕೋಟು ಇಸ್ತ್ರಿ ಮಾಡಿಸಿಕೊಂಡು ಬಾ. ಇನ್ನು ದಿನ ಬದಲಾಗುವುದಿಲ್ಲ.

ಓಲೀಟಾ


ನಾಕ್ಸ್‌ವಿಲ್, ಟೆನೆಸಿ
ಸೆಪ್ಟೆಂಬರ್ 11, 1961

ಅಕ್ಕ,

ಹೇಗೆ ಬರೆಯುವುದೋ ತಿಳಿಯುತ್ತಿಲ್ಲ. ನಾವು ಗೆದ್ದುಬಿಟ್ಟೆವು, ಅದೇ ತೊಂದರೆ. ವರ್ಷವೆಲ್ಲ ಸೋತ ತಂಡ ಕೊನೆಯ ವಾರ ಗೆದ್ದು ಅಂತಿಮ ಸುತ್ತಿಗೆ ಹೋಗಿದೆ. ಶನಿವಾರ ಎಸೆಯುವ ಸರದಿ ನನ್ನದು, ಮೇಲಿನವರು ನೋಡಲು ಬರುತ್ತಾರಂತೆ. ಮ್ಯಾನೇಜರ್ ಹತ್ತಿರ ಮದುವೆಯ ಮಾತೆತ್ತಿದೆ. "ನಿಮ್ಮಕ್ಕನಿಗೆ ಗಂಡ ಸಿಕ್ಕಾಯ್ತಲ್ಲ, ನಿಂಗೆ ತಂಡ ಸಿಗೋದ್ ಬೇಡ್ವಾ?" ಎಂದ.

ಒಂದೇ ಒಂದು ವಾರ ಮುಂದಕ್ಕೆ ಹಾಕಲು ಆಗುತ್ತದೆಯೇ? ತಂತಿ ಕಳಿಸು. ಗ್ರೇಡಿಗೆ ಅರ್ಥವಾಗುತ್ತದೆ.

ವರ್ಲಿನ್


ಕಾರ್ಡೆಲ್
ಸೆಪ್ಟೆಂಬರ್ 25, 1961

ವರ್ಲಿನ್,

ಮದುವೆ ಆಯಿತು. ನನ್ನ ಕೈ ಹಿಡಿದು ನಡೆಸಿದ್ದು ನಮ್ಮ ಫೋರ್‌ಮನ್ ಟನ್‌ಸ್ಟಲ್. ಅವರ ಕೋಟು ಅಂಟಿನ ವಾಸನೆ ಹೊಡೆಯುತ್ತಿತ್ತು. ದೊಡ್ಡ ದೊಡ್ಡ ಹೆಜ್ಜೆ ಹಾಕಿದರು, ನಾನು ಹೆಚ್ಚುಕಡಿಮೆ ಓಡಿದೆ.

ಗ್ರೇಡಿಗೆ ಅರ್ಥವಾಯಿತು. ನನಗೆ ಆಗಲಿಲ್ಲ.

ಪೇಪರಿನಲ್ಲಿ ನೋಡಿದೆ. ಶನಿವಾರ ನಿಮ್ಮಲ್ಲಿ ಮಳೆಯಂತೆ, ಆಟವೇ ನಡೆಯಲಿಲ್ಲವಂತೆ. ಭಾನುವಾರ ಬೇರೆಯವನ ಕೈಗೆ ಚೆಂಡು ಕೊಟ್ಟರಂತೆ.

ಇನ್ನು ಬರೆಯಬೇಡ.

ಓಲೀಟಾ


ಟಲ್ಸಾ, ಒಕ್ಲಹೋಮ
ಡಿಸೆಂಬರ್ 18, 1962

ಪ್ರೀತಿಯ ಅಕ್ಕ,

ಹಿಂದಿನ ಕಾಗದಗಳು ವಾಪಸು ಬಂದಿಲ್ಲ. ಅಂದರೆ ನೀನು ತೆಗೆದುಕೊಳ್ಳುತ್ತಿದ್ದೀಯ. ಓದುತ್ತೀಯೋ ಒಲೆಗೆ ಹಾಕುತ್ತೀಯೋ, ಅದು ನಿನ್ನ ಇಷ್ಟ.

ಮೊಣಕೈ ಕೊಯ್ದು ಒಳಗಿನಿಂದ ಮೂಳೆಯ ಚೂರು ತೆಗೆದರು. ವೇಗ ಹೋಯಿತು. ಈಗ ನನ್ನ ಹತ್ತಿರ ಉಳಿದಿರುವುದು ಆ ಕುಡುಕ ಚೆಂಡೊಂದೇ. ವಿಚಿತ್ರವೆಂದರೆ ಅದು ನಾನು ಹೇಳಿದಲ್ಲಿಗೆ ಹೋಗುತ್ತದೆ. ಬಿರುಸಾಗಿ ಎಸೆದಷ್ಟು ದಿನ ಒಂದೂ ಮಾತು ಕೇಳಲಿಲ್ಲ. ಇದನ್ನು ನಿನಗೆ ಹೇಳಬೇಕೆನಿಸಿತು, ಇನ್ಯಾರಿಗೆ ಹೇಳಲಿ?

ಕ್ರಿಸ್‌ಮಸ್‌ಗೆ ಊರಿಗೆ ಬರಲೇ ಎಂದು ಕೇಳುತ್ತಿಲ್ಲ. ಗ್ರೇಡಿಗೆ ನನ್ನ ನೆನಪು ಹೇಳು.

ವರ್ಲಿನ್


ಕಾರ್ಡೆಲ್
ಫೆಬ್ರವರಿ 10, 1964

ವರ್ಲಿನ್,

ನಮಗೆ ಮಗಳು ಹುಟ್ಟಿದ್ದಾಳೆ. ರಮೋನಾ ಎಂದು ಹೆಸರಿಟ್ಟಿದ್ದೇವೆ. ಅತ್ತರೆ ಬೀದಿಯ ಕೊನೆಯ ಮನೆಯವರೂ ದೀಪ ಹಚ್ಚುತ್ತಾರೆ. ಮೂಗು ನಿನ್ನದೇ, ಪಾಪ.

ನಾನು ಬರೆಯಬೇಕೆಂದಿರಲಿಲ್ಲ. ಗ್ರೇಡಿ ತೊಟ್ಟಿಲ ಪಕ್ಕ ನಿಂತು, "ಅವ್ನಿಗೆ ತಿಳ್ಸೇ. ಸೋದರಮಾವ ಅಲ್ವಾ" ಎಂದ. ನಿನ್ನ ಕಾಗದಗಳನ್ನು ಓದಿದ್ದೇನೆ, ಎಲ್ಲವನ್ನೂ.

ಈಗ ಕೆಲಸದ ಮಾತು. ಗ್ರೇಡಿಯನ್ನು ಅಟ್ಟೆ ವಿಭಾಗಕ್ಕೆ ಮೇಲ್ವಿಚಾರಕನನ್ನಾಗಿ ಮಾಡಿದ್ದಾರೆ. ಅವನು ನಿನಗಾಗಿ ಅಲ್ಲೊಂದು ಜಾಗಕ್ಕೆ ಮಾತಾಡಿದ್ದಾನೆ. ನಿನಗೆ ಇಪ್ಪತ್ತೈದಾಯಿತು. ಕೈ ಕೊಯ್ದಿದ್ದಾರೆ. ಪ್ರತಿ ವಸಂತದಲ್ಲೂ ಅಂಗಡಿಯಲ್ಲಿ, ಚರ್ಚಿನಲ್ಲಿ ಕೇಳುತ್ತಾರೆ, "ನಿಮ್ ತಮ್ಮ ಮೇಲಕ್ಕೆ ಹೋದ್ನಾ?" "ಮುಂದಿನ ವರ್ಷ" ಎಂದು ನಾನು ಹೇಳಬೇಕು. ಹೇಳಿ ಹೇಳಿ ನನ್ನ ಬಾಯಿ ಸೋತಿದೆ. ಸಾಕು, ಮನೆಗೆ ಬಾ.

ನಿನ್ನ ಅಕ್ಕ,
ಓಲೀಟಾ


ತಂಡದ ಶಿಬಿರ, ಫ್ಲೋರಿಡಾ
ಮಾರ್ಚ್ 2, 1964

ಪ್ರೀತಿಯ ಅಕ್ಕ,

ರಮೋನಾಗೆ ಒಂದು ಸಣ್ಣ ಟೋಪಿ ಕಳಿಸುತ್ತಿದ್ದೇನೆ, ತಂಡದ್ದು. ದೊಡ್ಡದಾಗುತ್ತದೆ, ಇಟ್ಟಿರು.

ಗ್ರೇಡಿಗೆ ಉಪಕಾರವಾಯಿತೆಂದು ಹೇಳು. ಅವನು ನನ್ನ ಮೇಲೆ ಸಿಟ್ಟು ಮಾಡಿಕೊಂಡಿದ್ದರೆ ತಡೆದುಕೊಳ್ಳಬಹುದಿತ್ತು. ಕೆಲಸ ಕೊಡಿಸುತ್ತಾನಲ್ಲ, ಅದನ್ನು ತಡೆಯಲಾಗುವುದಿಲ್ಲ. ಬರುವುದಿಲ್ಲ ಅಕ್ಕ. ಮುಂದಿನ ವರ್ಷ ಎಂದು ಇನ್ನೊಂದು ಸಲ ಹೇಳು.

ನಿನ್ನ ತಮ್ಮ,
ವರ್ಲಿನ್


ಟಲ್ಸಾ, ಒಕ್ಲಹೋಮ
ಸೆಪ್ಟೆಂಬರ್ 3, 1966

ಅಕ್ಕ! ಗ್ರೇಡಿ! ರಮೋನಾ!

ನಿಂತೇ ಮಾತಾಡಿಸಿದರು!

ಮೇಲಿನ ತಂಡದಲ್ಲಿ ಒಬ್ಬ ಪಿಚರನಿಗೆ ಭುಜ ಹಿಡಿದುಕೊಂಡಿದೆಯಂತೆ. ನಾಳೆ ವಿಮಾನ. ನಾನು ವಿಮಾನ ಹತ್ತಿಯೇ ಇಲ್ಲ, ಇಷ್ಟು ವರ್ಷ ಬಸ್ಸೇ. ಮ್ಯಾನೇಜರ್ ಕೈ ಕುಲುಕಿ, "ಹೋಗು ಮಾರಾಯ, ಇನ್ನು ನಿನ್ ಮುಖ ತೋರಿಸ್ಬೇಡ" ಎಂದ. ಅವನ ಕಣ್ಣು ಒದ್ದೆಯಾಗಿತ್ತು. ನನ್ನದೂ.

ಹದಿನೆಂಟನೇ ತಾರೀಖು ನಾವು ಸೇಂಟ್ ಲೂಯಿಸ್‌ನಲ್ಲಿ ಆಡುತ್ತೇವೆ. ನಿಮಗೆ ಕಾರಿನಲ್ಲಿ ಬರುವಷ್ಟೇ ದೂರ. ಬರುತ್ತೀರಲ್ಲ? ನಾನು ಕೇಳಬಾರದು, ಆದರೂ ಕೇಳುತ್ತಿದ್ದೇನೆ.

ವರ್ಲಿನ್


ಕಾರ್ಡೆಲ್
ಸೆಪ್ಟೆಂಬರ್ 20, 1966

ವರ್ಲಿನ್,

ಭಾನುವಾರ ನಾವು ಮನೆ ಮುಟ್ಟುವಾಗ ರಮೋನಾ ನಿದ್ದೆಯಲ್ಲಿದ್ದಳು, ನಾನು ಉರಿಯುತ್ತಿದ್ದೆ. ಅಲ್ಲಿ ಬೇಲಿಯ ಹತ್ತಿರ ನಿನಗೆ ಏನೂ ಹೇಳಲಾಗಲಿಲ್ಲ, ನಿಮ್ಮ ತಂಡದ ಬಸ್ಸಿನವನು ಹಾರ್ನ್ ಒತ್ತುತ್ತಲೇ ಇದ್ದ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಬಿಸಿಲಲ್ಲಿ ಬೆಂದು ಕೂತೆವು. ನೀನು ಮೈದಾನದ ಆಚೆ ಮೂಲೆಯಲ್ಲಿ ಎದ್ದು ಕೈ ಬಿಸಿ ಮಾಡಿಕೊಳ್ಳಲು ಶುರುಮಾಡಿದಾಗ ಗ್ರೇಡಿ ನನ್ನ ಮೊಣಕೈ ಹಿಂಡಿ, "ಎದ್ದ ನೋಡು!" ಎಂದ. ಕೂರಿಸಿದರು. ಮತ್ತೆ ಎಬ್ಬಿಸಿದರು, ನೀನು ಎಸೆದೆ, ಎಸೆದೆ, ಮತ್ತೆ ಕೂರಿಸಿದರು. ಮೂರನೆಯ ಸಲ ನಾನು ಎದ್ದು ನಿಂತು ಕೂಗಿದೆ, "ಏಯ್, ಅವನೇನ್ ಬಾವಿಯ ರಾಟೇನೇನ್ರೋ, ಮೇಲೆ ಕೆಳಗೆ ಮಾಡೋಕೆ!" ಮುಂದೆ ಕೂತಿದ್ದ ಮುದುಕಿ ತಿರುಗಿ, "ಯಾರಮ್ಮಾ ಅವ್ನು?" ಎಂದಳು. "ನನ್ ತಮ್ಮ" ಎಂದೆ. "ಆಡ್ತಾನಾ?" ಎಂದಳು.

ಗ್ರೇಡಿ ಮನೆಗೆ ಬಂದು ಕಾರು ನಿಲ್ಲಿಸಿ, "ಅವ್ನ ಆ ನಿಧಾನದ ಚೆಂಡು ಚೆನ್ನಾಗಿದೆ. ಹಿಡಿಯೋಕೆ ಕಷ್ಟ" ಎಂದ. ಅಷ್ಟು ದೂರದಿಂದ ಅದೊಂದನ್ನೇ ನೋಡುತ್ತಿದ್ದನೆಂದು ಕಾಣುತ್ತದೆ.

ನಿಮ್ಮ ಆ ಮುದುಕ ಮ್ಯಾನೇಜರಿಗೆ ನನ್ನ ಪರವಾಗಿ ಏನೂ ಹೇಳಬೇಡ. ನಾನು ಹೇಳಬೇಕೆಂದಿರುವುದನ್ನು ಪಾದ್ರಿಗಳು ಒಪ್ಪುವುದಿಲ್ಲ.

ನಿನ್ನ ಅಕ್ಕ,
ಓಲೀಟಾ


ಫಿಲಡೆಲ್ಫಿಯಾ
ಅಕ್ಟೋಬರ್ 1, 1966

ಪ್ರೀತಿಯ ಅಕ್ಕ,

ರೇಡಿಯೋದಲ್ಲಿ ಕೇಳಿರುತ್ತೀರಿ, ಅಥವಾ ಪೇಪರಿನಲ್ಲಿ ನೋಡಿರುತ್ತೀರಿ. ಆದದ್ದು ಹೀಗೆ.

ನಿನ್ನೆ ಕೊನೆಯ ಸುತ್ತು. ನಾವು ಒಂದು ರನ್ ಮುಂದೆ. ಅವರ ಇಬ್ಬರು ಔಟು, ಇನ್ನೊಬ್ಬ ಔಟಾದರೆ ಮುಗಿಯಿತು. ಎರಡನೇ ಬೇಸಿನಲ್ಲಿ ಅವರ ಒಬ್ಬ ಓಟಗಾರ. ಅಷ್ಟರಲ್ಲಿ ನಮ್ಮ ಪಿಚರನ ಬೆರಳ ಬೊಬ್ಬೆ ಒಡೆದು ರಕ್ತ ಬಂತು. ಬ್ಯಾಟಿಗೆ ಬರುವವನು ಅವರ ದೊಡ್ಡ ಹೊಡೆತಗಾರ. ಮುದುಕ ಮೂಲೆಯ ಕಡೆ ಕೈ ಮಾಡಿ ನನ್ನನ್ನು ಕರೆದ.

ಅಕ್ಕ, ಆ ಹುಲ್ಲಿನ ಮೇಲೆ ನಡೆದು ಬರುವಾಗ ಧ್ವನಿವರ್ಧಕದಲ್ಲಿ ನನ್ನ ಹೆಸರು ಹೇಳಿದರು, ತಪ್ಪಾಗಿ ಹೇಳಿದರು, ಪರವಾಗಿಲ್ಲ ಅನ್ನಿಸಿತು. ಮುದುಕ ಚೆಂಡನ್ನು ನನ್ನ ಕೈಗೆ ಹಾಕಿ, "ನಾಲ್ಕೂ ಅಡ್ಡ ಎಸಿ. ಅವ್ನಿಗೆ ಸಿಗ್ಬಾರ್ದು, ಸುಮ್ನೆ ನಡ್ದು ಹೋಗ್ಲಿ" ಎಂದ. ನಾನು, "ನಾನು ಅವ್ನನ್ನ ಔಟ್ ಮಾಡ್ತೀನಿ ಸಾರ್" ಎಂದೆ. "ನಿನ್ನ ಕೇಳ್ಲಿಲ್ಲ. ನಮ್ ಎಡಗೈ ಪಿಚರನ ಕೈ ಇನ್ನೂ ಬಿಸಿಯಾಗಿಲ್ಲ. ಅವ್ನು ತಯಾರಾಗೋ ತನಕ ನಿಧಾನಕ್ಕೆ ಎಸೀತಿರು" ಎಂದ.

ಇನ್ನೊಬ್ಬನ ಕೈ ಬಿಸಿಯಾಗಲೆಂದು ನನ್ನನ್ನು ಕರೆದಿದ್ದ.

ಕ್ಯಾಚರ್ ಎದ್ದು ನಿಂತು ಕೈಯನ್ನು ಪಕ್ಕಕ್ಕೆ ಚಾಚಿದ. ಎಸೆದೆ. ನಾಲ್ಕನೆಯದನ್ನು ಹಿಡಿದು ನಿಂತಾಗ, ಎಸೆದುಬಿಡಲೇ ನೇರವಾಗಿ ಎಂದು ಅನ್ನಿಸಿದ್ದು ನಿಜ. ಆಗಲಿಲ್ಲ. ಇಷ್ಟು ವರ್ಷ ಹೇಳಿದಲ್ಲಿಗೆ ಎಸೆಯುವುದನ್ನೇ ಕಲಿತಿದ್ದೇನೆ. ಬ್ಯಾಟುಗಾರ ಬ್ಯಾಟು ಬಿಸಾಡಿ ಮೊದಲನೇ ಬೇಸಿಗೆ ನಡೆದ. ಮುದುಕ ಬಂದು ಚೆಂಡು ಕಿತ್ತುಕೊಂಡ. ಎಡಗೈಯವನ ಎರಡನೇ ಚೆಂಡನ್ನೇ ಮುಂದಿನವನು ಗೋಡೆಗೆ ಹೊಡೆದ, ಬೇಸುಗಳಲ್ಲಿದ್ದ ಇಬ್ಬರೂ ಓಡಿ ಬಂದು ರನ್ನು ಗಳಿಸಿದರು. ಗೆಲುವಿನ ರನ್ನು ನಾನು ನಡೆಸಿ ಕಳಿಸಿದವನದು. ಹಾಗಾಗಿ ನಿಯಮದ ಪ್ರಕಾರ ಸೋಲು ನನ್ನ ಹೆಸರಿಗೆ.

ಮುಂದಿನ ವರ್ಷ ಮತ್ತೆ ಟಲ್ಸಾ ಅಂದಿದ್ದಾರೆ. ಈ ಸಲ ನಾನೇ ಕುರ್ಚಿಯಲ್ಲಿ ಕೂತೆ.

ಗ್ರೇಡಿ ಹೇಳಿದ್ದ ಆ ಜಾಗ ಇನ್ನೂ ಖಾಲಿ ಇದೆಯೇ? ಕೇಳಿ ತಿಳಿಸು.

ವರ್ಲಿನ್


ಕಾರ್ಡೆಲ್
ಅಕ್ಟೋಬರ್ 9, 1966

ವರ್ಲಿನ್,

ರೇಡಿಯೋದಲ್ಲಿ ಕೇಳಿದೆವು. ಗ್ರೇಡಿ ಹೊರಗೆ ಹೋಗಿ ಸೌದೆ ಒಡೆದ. ಈ ಚಳಿಗಾಲಕ್ಕೂ ಮುಂದಿನದಕ್ಕೂ ಸಾಕು.

ಬುಧವಾರ ಅವನು ಕ್ಷೌರಕ್ಕೆ ಹೋಗಿದ್ದಾಗ, ಬೀಜದಂಗಡಿಯ ಲೆಮ್ ಎಲ್ಲರಿಗೂ ಕೇಳುವ ಹಾಗೆ, "ಒಂಬತ್ತ್ ವರ್ಷ ಕಲ್ತು ಕೊನೆಗೆ ನಾಲ್ಕು ಚೆಂಡು ಹೊರಗಡೆ ಎಸ್ದ್ನಂತಲ್ಲಪ್ಪಾ! ಅಷ್ಟನ್ನ ನಮ್ಮಜ್ಜೀನೂ ಎಸೀತಿದ್ಲು" ಎಂದನಂತೆ. ನಮ್ಮ ಗ್ರೇಡಿ, ಅರ್ಧ ಮುಖ ಬೋಳಿಸಿ ಅರ್ಧ ಸೋಪಿನ ನೊರೆ, ಕುರ್ಚಿಯಿಂದ ಎದ್ದು, "ಕರ್ಕೊಂಬಾ ನಿಮ್ಮಜ್ಜೀನ. ನಾನ್ ಹಿಡೀತೀನಿ" ಎಂದನಂತೆ. ಹಾಗೆಯೇ ಅರ್ಧ ಗಡ್ಡದಲ್ಲಿ ಮನೆಗೆ ಬಂದ. ಇಷ್ಟು ವರ್ಷದಲ್ಲಿ ಅವನಿಗೆ ಸಿಟ್ಟು ಬಂದದ್ದನ್ನು ನಾನು ನೋಡಿದ್ದು ಅದೇ ಮೊದಲು. ಎಷ್ಟು ಸಂತೋಷವಾಯಿತೆಂದರೆ ಉಳಿದರ್ಧ ನಾನೇ ಬೋಳಿಸಿದೆ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಜಾಗ ಖಾಲಿ ಇಲ್ಲ. ಗ್ರೇಡಿಯನ್ನು ಕೇಳಬೇಡ, ಅವನಿಗೆ ಸುಳ್ಳು ಹೇಳಲು ಬರುವುದಿಲ್ಲ.

ಮನೆಗೆ ಬಾ ಎಂದು ನಾನು ಗೋಗರೆದಾಗ ನೀನು ಬರಲಿಲ್ಲ. ಆಗ ಬಂದಿದ್ದರೆ ನನ್ನ ತಮ್ಮ ಬರುತ್ತಿದ್ದ. ಈಗ ಬರುವವನು ಯಾರು? ನನ್ನ ಅಡುಗೆಮನೆಯ ಮೇಜಿನ ಮುಂದೆ ನಲವತ್ತು ವರ್ಷ ಕೂತು, "ಅಡ್ಡ ಎಸಿ ಅಂದ್ರು, ಎಸ್ದೆ" ಎಂದು ಹೇಳಿದ್ದನ್ನೇ ಹೇಳುವವನು. ಅವನಿಗೆ ಕಾಫಿ ಕಾಯಿಸಿ ಕೊಡಲು ನನ್ನಿಂದಾಗದು. ಈ ಆಟಕ್ಕಾಗಿ ನೀನು ನನ್ನ ಮದುವೆ ಬಿಟ್ಟೆ. ಅಷ್ಟು ಬೆಲೆಯ ಆಟವನ್ನು ಒಬ್ಬ ಮುದುಕ ಹೇಳಿದನೆಂದು ಬಿಡುತ್ತೀಯಾ? ನನಗೆ ಅವಮಾನ.

ಕ್ರಿಸ್‌ಮಸ್‌ಗೆ ಬಾ. ಊಟ ಮಾಡು, ರಮೋನಾಳನ್ನು ಎತ್ತಿಕೋ, ಗ್ರೇಡಿಯ ಜೊತೆ ಹಿತ್ತಲಲ್ಲಿ ಚೆಂಡು ಎಸೆದಾಡು. ಮಾರ್ಚಿನಲ್ಲಿ ಹೊರಡು. ಹೊರಡದಿದ್ದರೆ ನಾನೇ ಬಸ್ಸಿಗೆ ತಳ್ಳುತ್ತೇನೆ.

ನಿನ್ನ ಅಕ್ಕ,
ಓಲೀಟಾ


ತಂಡದ ಶಿಬಿರ, ಫ್ಲೋರಿಡಾ
ಮಾರ್ಚ್ 5, 1967

ಅಕ್ಕ,

ಮುಟ್ಟಿದೆ. ಇಲ್ಲಿರುವ ಹುಡುಗರು ನನ್ನನ್ನು "ತಾತ" ಅನ್ನುತ್ತಾರೆ. ಗ್ರೇಡಿಯ ಹೆಬ್ಬೆರಳ ಊತ ಇಳಿಯಿತೇ? ಅಷ್ಟು ಚಳಿಯಲ್ಲಿ ಅಷ್ಟೊಂದು ಎಸೆಯಬಾರದಿತ್ತು ನಾನು, ಅವನೂ ಸಾಕು ಅನ್ನಲಿಲ್ಲ.

ವರ್ಲಿನ್


ಸಿನ್ಸಿನಾಟಿ, ಒಹಾಯೋ
ಜುಲೈ 21, 1967

ಪ್ರೀತಿಯ ಅಕ್ಕ, ಗ್ರೇಡಿ,

ಸೋಮವಾರ ನನ್ನನ್ನು ಮತ್ತೆ ಮೇಲಕ್ಕೆ ಕರೆಸಿದರು. ತಂಡ ಸೋತು ಸುಣ್ಣವಾಗಿದೆ, ಎಸೆಯಲು ಕೈಗಳಿಲ್ಲ. ತಿಳಿಸಲಿಲ್ಲವೆಂದು ಬೈಯಬೇಡ, ತಿಳಿಸಿದರೆ ನೀವು ಮತ್ತೆ ಬಿಸಿಲಲ್ಲಿ ಬಂದು ಕೂರುತ್ತೀರೆಂದು ಸುಮ್ಮನಿದ್ದೆ.

ನಿನ್ನೆ ಆರನೇ ಸುತ್ತಿನಲ್ಲಿ, ಆಟ ಆಗಲೇ ಕೈಬಿಟ್ಟು ಹೋಗಿದ್ದಾಗ, ಮುದುಕ ನನ್ನನ್ನು ಕರೆದ. ಅದೇ ಮುದುಕ. ಚೆಂಡು ಕೈಗೆ ಕೊಟ್ಟ. ನಾನು ಕಾದೆ. ಅವನೇನೂ ಹೇಳಲಿಲ್ಲ. ನಾನೇ ಕೇಳಿದೆ, "ಎಲ್ಲಿಗ್ ಎಸೀಲಿ?" ಅವನು ನನ್ನನ್ನು ಹುಚ್ಚನನ್ನು ನೋಡುವ ಹಾಗೆ ನೋಡಿ, "ಅವ್ನಿಗೆ ಎಸಿಯಪ್ಪಾ, ಇನ್ಯಾರಿಗೆ?" ಎಂದು ಹೊರಟುಹೋದ.

ಮೊದಲ ಚೆಂಡು ಅಲ್ಲಿಂದಿಲ್ಲಿಗೆ ತೂರಾಡಿಕೊಂಡು ಹೋಗಿ, ಬ್ಯಾಟುಗಾರನ ಮೊಣಕಾಲಿನ ಹತ್ತಿರ ಒಳಗೆ ಬಿತ್ತು. ಅವನು ಬೀಸಿದ, ಗಾಳಿ ಮಾತ್ರ ಸಿಕ್ಕಿತು. ಸ್ಟ್ರೈಕ್! ಅಂಪೈರ್ ಕೈ ಎತ್ತಿದ್ದನ್ನು ನಾನು ಕಣ್ಣು ತುಂಬ ನೋಡಿದೆ.

ಎರಡನೇ ಚೆಂಡು ತೂರಾಡಲಿಲ್ಲ. ಅವನು ಅದನ್ನು ಬೇಲಿ ದಾಟಿಸಿದ. ಬೇಲಿಯನ್ನಷ್ಟೇ ಅಲ್ಲ, ಅದರಾಚೆಯ ಬೀದಿಯನ್ನೂ ದಾಟಿಸಿದನೋ ಏನೋ, ಚೆಂಡು ಬಿದ್ದದ್ದು ಯಾರಿಗೂ ಕಾಣಲಿಲ್ಲ. ಅವನು ನಿಧಾನಕ್ಕೆ ಬೇಸುಗಳನ್ನು ಸುತ್ತಿ ಬಂದ. ಜನ ಕೂಗಿದ್ದೂ ಕೂಗಿದ್ದೇ.

ಮುದುಕ ನಾನು ನಿಂತು ಎಸೆಯುವ ದಿಬ್ಬಕ್ಕೆ ನಡೆದು ಬಂದ. ಚೆಂಡು ಕಿತ್ತುಕೊಳ್ಳುತ್ತಾನೆಂದು ನಾನು ಅದನ್ನು ಬೆನ್ನ ಹಿಂದೆ ಹಿಡಿದುಕೊಂಡೆ. ನಿಜವಾಗಿಯೂ, ಮಕ್ಕಳ ಹಾಗೆ.

"ಏನಾಯ್ತು?" ಎಂದ.

"ಹೊಡ್ದ" ಎಂದೆ.

"ಅದ್ ನಂಗೂ ಕಾಣಿಸ್ತು. ಮುಂದಿನವನಿಗೆ ಎಸಿ."

ಎಸೆದೆ.

ನಿನ್ನ ತಮ್ಮ,
ವರ್ಲಿನ್